ಪ್ರತಿಕ್ರಿಯೆ: ಎಲ್ಲ ಮಕ್ಕಳ ಯೋಜನಾ ವರದಿಯೂ ಒಂದೇ ತೆರನಾಗಿದ್ದರೆ

ಎಂಟನೆಯ ತರಗತಿಯವರು ‘ಚಿತ್ರದುರ್ಗದ ಕೋಟೆ’ ಕುರಿತು ತಂದ ವರದಿಗಳೆಲ್ಲ ಅಕ್ಷರಶಃ ಒಂದೇ ಆಗಿರುವಾಗ ರೂಪಣಾತ್ಮಕ ಮೌಲ್ಯಮಾಪನದಲ್ಲಿ (ಕಲಿಕೆಯ ನಡುನಡುವೆ ಮಾಡುವ ಮೌಲ್ಯಮಾಪನ) ಸೃಜನಶೀಲತೆಗೆ ಅಂಕ ಕೊಡುವುದು ಹೇಗೆ ಎಂದು ಕೇಳಿದ್ದೀರಿ. ದೋಷ ಮಕ್ಕಳಿಗಿಂತ ವಿಷಯ ಕೊಟ್ಟ ರೀತಿಯಲ್ಲಿ ಇರುವ ಸಾಧ್ಯತೆಯೇ ಹೆಚ್ಚು. ಮೊಬೈಲಿನಲ್ಲಿ ಸಿದ್ಧ ಉತ್ತರವಿರುವ ವಿಷಯ ಕೊಟ್ಟರೆ ಅದೇ ಉತ್ತರ ಬರುತ್ತದೆ.

ಮೊದಲು ವಿಷಯವನ್ನು ಪ್ರಶ್ನೆಯಾಗಿ ಬದಲಿಸಿ. ಮಳೆನೀರು ಕೋಟೆಯ ಗೋಪಾಲಸ್ವಾಮಿ ಹೊಂಡದಿಂದ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಇಳಿದು ಸಿಹಿನೀರು ಹೊಂಡ, ಸಂತೆ ಹೊಂಡಗಳಿಗೆ ಹರಿಯುವಂತೆ ಹಿಂದಿನವರು ಏರ್ಪಾಟು ಮಾಡಿದ್ದರಲ್ಲ, ಅದೇ ಉಪಾಯದಿಂದ ನಮ್ಮ ಶಾಲೆಯ ತಾರಸಿಯ ನೀರನ್ನು ಎಲ್ಲಿಗೆ ಒಯ್ಯಬಹುದು ಎಂದು ಕೇಳಿ. ನಾನು ಹೀಗೆ ಕೇಳಿದಾಗ ಒಬ್ಬ ಹುಡುಗಿ ಅಂಗಳದ ಇಳಿಜಾರು ತಿಳಿಯಲು ಒಂದು ಬಿಂದಿಗೆ ನೀರು ಚೆಲ್ಲಿ, ಅದು ಹರಿದ ದಾರಿಯುದ್ದಕ್ಕೂ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಅವಳ ವರದಿ ಒಂದೂವರೆ ಪುಟ, ಕಾಗುಣಿತದ ತಪ್ಪುಗಳೂ ಧಾರಾಳ. ಆದರೂ ತರಗತಿಯಲ್ಲಿ ಅದಕ್ಕೇ ಹೆಚ್ಚು ಅಂಕ ಬಂತು.

ಬಳಿಕ, ಮಕ್ಕಳು ಬರೆಯಲು ತೊಡಗುವ ಮೊದಲೇ ಅಂಕಗಳ ಹಂಚಿಕೆಯನ್ನು ಕಪ್ಪುಹಲಗೆಯ ಮೇಲೆ ಬರೆದುಬಿಡಿ. ನಾನು 10ರಲ್ಲಿ 3 ಅಂಕ ಸ್ವಂತ ವೀಕ್ಷಣೆಗೆ, 3 ಸೂಚಿಸಿದ ಪರಿಹಾರಕ್ಕೆ, 2 ಮೊದಲ ಕರಡನ್ನು ತಿದ್ದಿದ್ದಕ್ಕೆ, 2 ಮೌಖಿಕ ವಿವರಣೆಗೆ ಇಡುತ್ತೇನೆ. ಬಣ್ಣದ ರಟ್ಟಿಗೆ, ಥರ್ಮೋಕೋಲಿಗೆ ಸೊನ್ನೆ. ಕರಡನ್ನು ತರಗತಿಯಲ್ಲೇ ಬರೆಸಿ; ಮನೆಗೆ ಹೋದರೆ ಅಣ್ಣನೋ ಅಕ್ಕನೋ ಬರೆದುಕೊಡುತ್ತಾರೆ.

ಮೌಖಿಕಕ್ಕೆ ‘ಇದನ್ನೇ ಏಕೆ ಆರಿಸಿಕೊಂಡೆ?’ ಎಂಬ ಒಂದು ಪ್ರಶ್ನೆ, ಎರಡು ನಿಮಿಷ ಸಾಕು. ಐವತ್ತಕ್ಕಿಂತ ಹೆಚ್ಚು ಮಕ್ಕಳಿದ್ದರೆ ಇದು ನಡೆದೀತೆಂದು ಖಚಿತವಾಗಿ ಹೇಳಲಾರೆ. ನಾಲ್ವರ ಗುಂಪು ಮಾಡಿ ನೋಡಿ. ಕರಡುಗಳನ್ನು ಕಡತದಲ್ಲಿಡಿ, ಪೋಷಕರು ಅಂಕವನ್ನು ಪ್ರಶ್ನಿಸಿದಾಗ ಅವನ್ನೇ ತೋರಿಸಬಹುದು.