ಹೊಸ ಸಿನಿಮಾದ ಪ್ರತಿಯನ್ನು ಗೆಳೆಯರಿಗೆ ಕಳಿಸಿದರೆ ಅಪರಾಧವೇ?

ಪ್ರಶ್ನೆ: ಹೊಸ ಕನ್ನಡ ಸಿನಿಮಾ ಬಿಡುಗಡೆಯಾದ ದಿನವೇ ಅದರ ಪ್ರತಿ ನಮ್ಮ ಟೆಲಿಗ್ರಾಂ ಗ್ರೂಪಿಗೆ ಬರುತ್ತದೆ. ಚಿತ್ರಮಂದಿರದಲ್ಲಿ ಅದನ್ನು ಮೊಬೈಲಿನಲ್ಲಿ ಸೆರೆಹಿಡಿದವನು ನಾನಲ್ಲ, ಮಾರಿದವನೂ ಅಲ್ಲ. ನಾನು ಅದನ್ನು ನೋಡಿದ್ದೇನೆ, ನಾಲ್ಕಾರು ಗೆಳೆಯರಿಗೆ ಕಳಿಸಿದ್ದೇನೆ, ಅಷ್ಟೆ. ಇದೂ ಅಪರಾಧವೇ? ಕೋಟಿಗಟ್ಟಲೆ ಸಂಭಾವನೆ ಪಡೆಯುವ ನಟರಿಗೆ ಇದರಿಂದ ಆಗುವ ನಷ್ಟವಾದರೂ ಏನು?
– ಓದುಗರೊಬ್ಬರು, ಹಾಸನ

ಉತ್ತರ: ನೋಡುವುದನ್ನೂ ಕಳಿಸುವುದನ್ನೂ ನೀವು ಒಂದೇ ಉಸಿರಿನಲ್ಲಿ ಹೇಳಿದ್ದೀರಿ, ಕಾನೂನು ಅವೆರಡನ್ನು ಬೇರೆ ಬೇರೆಯಾಗಿ ಕಾಣುತ್ತದೆ. ಅನಧಿಕೃತ ಪ್ರತಿಯನ್ನು ಬರಿದೇ ನೋಡುವುದು ಅಪರಾಧವಲ್ಲ, ಅನುಮತಿಯಿಲ್ಲದೆ ಅದನ್ನು ಹಂಚುವುದು, ಸಾರ್ವಜನಿಕವಾಗಿ ಪ್ರದರ್ಶಿಸುವುದು, ಮಾರುವುದು ಅಥವಾ ಬಾಡಿಗೆಗೆ ಕೊಡುವುದು ಅಪರಾಧ ಎಂದು ಬಾಂಬೆ ಹೈಕೋರ್ಟ್ 2016ರಲ್ಲಿ ಹೇಳಿದೆ. ಹಾಗಾಗಿ ನಿಮಗೆ ತೊಡಕಾಗಬಲ್ಲದ್ದು ಗೆಳೆಯರಿಗೆ ಕಳಿಸಿದ ಪ್ರತಿಯೇ. ಗೊತ್ತಿದ್ದೂ ಕೃತಿಸ್ವಾಮ್ಯ (ಕಾಪಿರೈಟ್) ಉಲ್ಲಂಘಿಸಿದವರಿಗೆ ಮತ್ತು ಅದಕ್ಕೆ ನೆರವಾದವರಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ಹಾಗೂ 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲದಿದ್ದರೆ ನ್ಯಾಯಾಲಯವು ಕಾರಣ ದಾಖಲಿಸಿ ಶಿಕ್ಷೆಯನ್ನು ತಗ್ಗಿಸಬಹುದು. ಆದರೆ ಆ ರಿಯಾಯಿತಿ ಕೇಳುವ ಹೊತ್ತಿಗೆ ನೀವು ಆಗಲೇ ಕಟಕಟೆಯಲ್ಲಿ ನಿಂತಿರುತ್ತೀರಿ.

ಚಿತ್ರಮಂದಿರದಲ್ಲಿ ಸೆರೆಹಿಡಿಯುವವರಿಗೆ 2023ರ ಸಿನಿಮಾಟೋಗ್ರಾಫ್ ಕಾಯ್ದೆ ತಿದ್ದುಪಡಿ ದಂಡದ ವಿಷಯದಲ್ಲಿ ಇನ್ನೂ ಬಿಗಿಯಾಗಿದೆ: ಮೂರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 3 ಲಕ್ಷ ರೂಪಾಯಿಯಿಂದ ಮೊದಲ್ಗೊಂಡು ಚಿತ್ರದ ಒಟ್ಟು ನಿರ್ಮಾಣ ವೆಚ್ಚದ ಶೇ 5ರವರೆಗೆ ದಂಡ. ಡಿಜಿಟಲ್ ಪ್ರೊಜೆಕ್ಟರ್ ಪರದೆಯ ಮೇಲೆ ಮೂಡಿಸುವ, ಕಣ್ಣಿಗೆ ಕಾಣದ ಗುರುತಿನಿಂದ ಯಾವ ಚಿತ್ರಮಂದಿರದಲ್ಲಿ, ಯಾವ ಹೊತ್ತಿನಲ್ಲಿ ಕಳವು ನಡೆಯಿತೆಂದು ಪತ್ತೆಹಚ್ಚಬಹುದು.

ಇನ್ನು ನಷ್ಟದ ಮಾತು. ನಾಯಕನಟನ ಸಂಭಾವನೆ ಸಾಮಾನ್ಯವಾಗಿ ಮೊದಲೇ ನಿಗದಿಯಾಗಿರುತ್ತದೆ. ಪೆಟ್ಟು ಬೀಳುವುದು ನಿರ್ಮಾಪಕ, ವಿತರಕ ಮತ್ತು ಚಿತ್ರಮಂದಿರದವರಿಗೆ. ದೊಡ್ಡ ತಾರೆಯ ಚಿತ್ರದ ಒಟಿಟಿ, ಟಿ.ವಿ. ಹಕ್ಕುಗಳು ಬಿಡುಗಡೆಗೆ ಮುನ್ನವೇ ಮಾರಾಟವಾಗುವುದುಂಟು. ಹೊಸಬರ ಚಿತ್ರಕ್ಕೆ ಆ ಆಸರೆ ಇರುವುದು ಅಪರೂಪ. ನೋಡಿದವರ ಬಾಯಿಮಾತಿನಿಂದ ಶನಿವಾರ, ಭಾನುವಾರ ಜನ ಸೇರಬೇಕು; ಸೇರದಿದ್ದರೆ ಪ್ರದರ್ಶನಗಳು ಕಡಿತವಾಗಿ, ಮುಂದಿನ ಶುಕ್ರವಾರದ ಹೊಸ ಚಿತ್ರಕ್ಕೆ ಜಾಗ ಬಿಡಬೇಕಾಗುತ್ತದೆ. ಗಳಿಕೆ ಕುಸಿದರೆ ಒಟಿಟಿ ಸಂಸ್ಥೆಗಳ ಮುಂದೆ ಚೌಕಾಸಿ ಮಾಡುವ ಬಲವೂ ಉಳಿಯದು. ಬಾಯಿಮಾತು ಹರಡಬೇಕಾದ ಆ ಎರಡು ದಿನಗಳಲ್ಲೇ ಚಿತ್ರದ ಪ್ರತಿಯೂ ಮೊಬೈಲಿನಿಂದ ಮೊಬೈಲಿಗೆ ಹರಡುತ್ತಿರುತ್ತದೆ. ಮಲ್ಟಿಪ್ಲೆಕ್ಸ್ ಟಿಕೆಟ್ ದುಬಾರಿ ಎಂಬ ದೂರು ನ್ಯಾಯವಾದದ್ದೇ. ಆದರೆ ಆ ಸಿಟ್ಟಿಗೆ ಬಲಿಯಾಗುವವರು ದರ ನಿಗದಿಪಡಿಸುವವರಲ್ಲ.

ಗೆಳೆಯರಿಗೆ ನೀವು ಕಳಿಸಿದ ಪ್ರತಿಯನ್ನು ಈಗಲೇ ಅಳಿಸಿಹಾಕಿ. ಅಂಥ ಲಿಂಕ್ ಕಂಡರೆ ಚಿತ್ರತಂಡಕ್ಕೆ ತಿಳಿಸಿ: ಕೃತಿಸ್ವಾಮ್ಯ ಹೊಂದಿದವರು ದೂರು ಕೊಟ್ಟರೆ, ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಹಾಗೂ ಸೆನ್ಸಾರ್ ಮಂಡಳಿಯಲ್ಲಿ 2023ರ ನವೆಂಬರಿನಲ್ಲಿ ಇಂಥ ದೂರುಗಳಿಗೆಂದೇ ನೇಮಕಗೊಂಡ ನೋಡಲ್ ಅಧಿಕಾರಿಗಳು ಅದನ್ನು 48 ಗಂಟೆಗಳೊಳಗೆ ತೆಗೆದುಹಾಕುವಂತೆ ಆದೇಶಿಸಬಹುದು.