ಐದು ವರ್ಷದ ಮದುವೆ, ಮೂವತ್ತು ದಿನದ ರಜೆ

ಪ್ರಶ್ನೆ: ಗಂಡ ಮಸ್ಕತ್‌ನಲ್ಲಿದ್ದಾರೆ, ವರ್ಷಕ್ಕೊಮ್ಮೆ 30 ದಿನ ರಜೆ. ಮದುವೆಯಾಗಿ ಐದು ವರ್ಷವಾದರೂ ಮಕ್ಕಳಾಗಿಲ್ಲ. ನನಗೆ 29 ವರ್ಷ, 32 ದಿನಕ್ಕೊಮ್ಮೆ ಮುಟ್ಟು. 21ನೇ ದಿನ ರಕ್ತ ಪರೀಕ್ಷೆ ಮಾಡಿ, ಪ್ರೊಜೆಸ್ಟರಾನ್ ಕಡಿಮೆ, ಅಂಡ ಬಿಡುಗಡೆಯಾಗುತ್ತಿಲ್ಲ ಎಂದರು. ಅತ್ತೆ ಪಂಡಿತರೊಬ್ಬರ ಮದ್ದಿನ ಪುಡಿ ತಂದಿದ್ದಾರೆ. ತೆಗೆದುಕೊಳ್ಳಲೇ? (ಕಾಪು)

ಉತ್ತರ: ಬೇಡ. ಒಳಗೆ ಏನಿದೆ ಎಂದು ಬರೆಯದ ಪುಡಿ ಹೊಟ್ಟೆಗೆ ಹೋಗಲೇಬಾರದು. ಇಂಥವುಗಳಲ್ಲಿ ಸೀಸ, ಪಾದರಸ ಸಿಕ್ಕಿದ್ದುಂಟು. ಎರಡೂ ಗರ್ಭದ ಕೂಸಿಗೆ ವಿಷ.

ಗಲ್ಫ್‌ನವರ ಮನೆಗಳಿಂದ ಈ ಪ್ರಶ್ನೆ ತಪ್ಪದೆ ಬರುತ್ತದೆ, ಪ್ರತಿ ಸಲವೂ ತಪ್ಪೆಲ್ಲ ಹೆಂಡತಿಯ ತಲೆಗೇ ಕಟ್ಟಿರುತ್ತಾರೆ. ವರ್ಷವಾದರೂ ಗರ್ಭ ನಿಲ್ಲದಿದ್ದರೆ ಬಂಜೆತನದ ತಪಾಸಣೆ ಎಂಬ ನಿಯಮ ಒಂದೇ ಮನೆಯಲ್ಲಿರುವ ದಂಪತಿಗೆ ಮಾಡಿದ್ದು. ಐದು ವರ್ಷದಲ್ಲಿ ನಿಮಗೆ ಸಿಕ್ಕಿದ್ದು ಹೆಚ್ಚೆಂದರೆ ಐದಾರು ಋತುಚಕ್ರ.

ಇನ್ನು ಆ ರಿಪೋರ್ಟ್. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡ ಬಿಡುಗಡೆಯಾಗುತ್ತದೆ. ಮುಟ್ಟು ಶುರುವಾದ ದಿನದಿಂದ ಎಣಿಸಿದರೆ ನಿಮಗೆ ಅದು 18ನೇ ದಿನದ ಆಸುಪಾಸು. ಗರ್ಭಕೋಶವನ್ನು ಗರ್ಭಕ್ಕೆ ಅಣಿಗೊಳಿಸುವ ಹಾರ್ಮೋನ್ ಪ್ರೊಜೆಸ್ಟರಾನ್ ಏರುವುದು ಆಮೇಲೆ, ತುದಿ ಮುಟ್ಟುವುದು ವಾರ ಕಳೆದು. 21ನೇ ದಿನ ಎಂಬುದು 28 ದಿನದ ಚಕ್ರದ ಲೆಕ್ಕ. ನಿಮ್ಮ ರಕ್ತ ತೆಗೆಯಬೇಕಿದ್ದದ್ದು 25ನೇ ದಿನ. ಆಗ ಒಂದು ಎಂಎಲ್‌ಗೆ 3 ನ್ಯಾನೋಗ್ರಾಂ ದಾಟಿದ್ದರೆ ಅಂಡ ಬಿಡುಗಡೆಯಾಗಿದೆ ಎಂದರ್ಥ. ಚಕ್ರದ ಉದ್ದ ಕೇಳದೆ ರಕ್ತ ತೆಗೆದು ಹೆಣ್ಣುಮಗಳನ್ನು ಹೆದರಿಸುವುದು ನನಗೆ ಸಹಿಸಲಾಗದ ವಿಷಯ.

ಅಮೆರಿಕದ ಸಂಶೋಧಕ ವಿಲ್ಕಾಕ್ಸ್ ಅವರ ತಂಡ 1995ರಲ್ಲಿ 221 ಮಹಿಳೆಯರ ಹಾರ್ಮೋನ್ ಅಳೆದು ತೋರಿಸಿದ್ದು ಇದು: ಗರ್ಭ ನಿಂತದ್ದೆಲ್ಲ ಅಂಡ ಬಿಡುಗಡೆಯ ದಿನ ಮತ್ತು ಅದಕ್ಕೆ ಹಿಂದಿನ ಐದು ದಿನಗಳ ಸಂಪರ್ಕದಿಂದ, ಉಳಿದ ದಿನಗಳಿಂದಲ್ಲ. ಅಂದರೆ ನಿಮ್ಮ ಪಾಲಿಗೆ 13ರಿಂದ 18. ಟಿಕೆಟ್ ಬುಕ್ ಮಾಡುವ ಮೊದಲು ಕಳೆದ ಆರು ತಿಂಗಳ ಮುಟ್ಟಿನ ತಾರೀಕು ಬರೆದಿಟ್ಟು, ಗಂಡ 8ನೇ ದಿನದ ಹೊತ್ತಿಗೆ ಮನೆ ಸೇರುವಂತೆ ನೋಡಿ. ಮುಟ್ಟು ನಾಲ್ಕು ದಿನ ಹಿಂದುಮುಂದಾದರೂ ಆಗ ಅವಕಾಶ ಕೈತಪ್ಪುವುದಿಲ್ಲ. ಆ ದಿನಗಳಲ್ಲಿ ದಿನಾ ಅಥವಾ ದಿನ ಬಿಟ್ಟು ದಿನ ಸೇರಿ. 'ಶಕ್ತಿ ಕೂಡಿಡಬೇಕು' ಎಂದು ವಾರಗಟ್ಟಲೆ ದೂರ ಇರುವುದು ಶುದ್ಧ ಮೂಢತನ. ಅಷ್ಟು ದಿನ ಉಳಿದ ವೀರ್ಯಾಣುವಿನ ಚಲನೆ ಕುಗ್ಗುತ್ತದೆ.

ಮೆಡಿಕಲ್‌ನಲ್ಲಿ ಸಿಗುವ ಎಲ್‌ಎಚ್ ಪಟ್ಟಿ (ಅಂಡ ಬಿಡುಗಡೆಗೆ ಸೂಚನೆ ಕೊಡುವ ಹಾರ್ಮೋನ್ ಪತ್ತೆಹಚ್ಚುವ ಪಟ್ಟಿ) ಬಳಸುವುದಾದರೆ 13ನೇ ದಿನದಿಂದ ಮಧ್ಯಾಹ್ನದ ಮೂತ್ರದಲ್ಲಿ ನೋಡಿ, ಎರಡು ಗಂಟೆ ಮೊದಲಿನಿಂದ ಹೆಚ್ಚು ನೀರು ಕುಡಿಯದೆ. ಪರೀಕ್ಷೆಯ ಗೆರೆ ಪಕ್ಕದ ಗೆರೆಯಷ್ಟೇ ಗಾಢವಾದರೆ ಒಂದು, ಒಂದೂವರೆ ದಿನದಲ್ಲಿ ಅಂಡ ಹೊರಬೀಳುತ್ತದೆ. ಪಿಸಿಒಎಸ್ (ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ) ಇದ್ದವರಿಗೆ ಎಲ್‌ಎಚ್ ಸದಾ ಹೆಚ್ಚಿರಬಹುದು, ಅವರು ಪಟ್ಟಿ ನಂಬಬೇಡಿ.

ಗಂಡನ ವೀರ್ಯ ಪರೀಕ್ಷೆ ಈವರೆಗೆ ಆಗಿದೆಯೇ? ನಿಮ್ಮ ಪತ್ರದಲ್ಲಿ ಆ ಸೊಲ್ಲೇ ಇಲ್ಲ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಹಾಗಾಗಿ ರಜೆಗೆ ಮೂರ್ನಾಲ್ಕು ತಿಂಗಳಿರುವಾಗ ಮಸ್ಕತ್‌ನಲ್ಲೇ ಮಾಡಿಸಲಿ, ದೋಷವಿದ್ದರೆ ಚಿಕಿತ್ಸೆಗೆ ಸಮಯವಿರುತ್ತದೆ. ಹಿಂದಿನ 2ರಿಂದ 7 ದಿನ ಸ್ಖಲನ ಆಗಿರಬಾರದು, ಮಾದರಿ ಒಂದು ಗಂಟೆಯೊಳಗೆ ಲ್ಯಾಬ್ ಸೇರಬೇಕು. ಇತ್ತೀಚೆಗೆ ಜೋರು ಜ್ವರ ಬಂದಿದ್ದರೆ ಫಲಿತಾಂಶ ಕೆಟ್ಟದಾಗಿ ಕಾಣುತ್ತದೆ. ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಬೇಕು.

ವಯಸ್ಸು 35 ದಾಟಿದ್ದರೆ ಇಷ್ಟು ನಿಧಾನ ಮಾಡಲು ಹೇಳುತ್ತಿರಲಿಲ್ಲ.

ಪ್ರಶ್ನೆ: ಗಂಡಸ್ತನ ಹೆಚ್ಚಲು ಜಿಮ್‌ನಲ್ಲಿ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ಕೊಡುತ್ತಾರೆ. ಮಗುವಾಗಲು ಸಹಾಯವೇ? (ಸುರತ್ಕಲ್)

ಉತ್ತರ: ತದ್ವಿರುದ್ಧ. ಹೊರಗಿನಿಂದ ಹಾರ್ಮೋನ್ ಹೋದರೆ ಮಿದುಳು ವೃಷಣವನ್ನು ನಡೆಸುವ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನ್‌ಗಳನ್ನು ಕಡಿತ ಮಾಡುತ್ತದೆ, ವೃಷಣ ಕೆಲಸ ನಿಲ್ಲಿಸುತ್ತದೆ, ವೀರ್ಯಾಣು ಸೊನ್ನೆಗೂ ಇಳಿಯಬಹುದು. ಬಿಟ್ಟ ಮೇಲೂ ಮರಳಲು ತಿಂಗಳುಗಳು ಬೇಕು. ಇವತ್ತೇ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಎಎಂಎಚ್ ಕಡಿಮೆ ಬಂದಿದೆ. ಇನ್ನು ಐವಿಎಫ್ ಒಂದೇ ದಾರಿಯೇ? (ಮಣಿಪಾಲ)

ಉತ್ತರ: ಅಲ್ಲ. ಎಎಂಎಚ್ ಅಂಡಾಶಯದ ಒಂದು ಹಾರ್ಮೋನ್. ಅದು ಉಳಿದ ಅಂಡಗಳ ಸಂಖ್ಯೆಯ ಅಂದಾಜು, ಗುಣಮಟ್ಟದ್ದಲ್ಲ.

ಪ್ರಶ್ನೆ: ಗಂಡು ಮಗುವಾಗಲು ಯಾವ ದಿನ ಸೇರಬೇಕು?

ಉತ್ತರ: ಇಂಥ ಪತ್ರ ಕಳಿಸಬೇಡಿ.

ಪ್ರಶ್ನೆ: ಕುಟುಂಬದ ಮನೆಯಲ್ಲಿ ಕೋಲ (ದೈವಾರಾಧನೆ) ಇದೆ, ಗಂಡ ಬರುವುದೂ ಅದೇ ತಿಂಗಳು. ಮುಟ್ಟು ಮುಂದೂಡುವ ಮಾತ್ರೆ ತೆಗೆದುಕೊಳ್ಳಬಹುದೇ? (ಮೂಡುಬಿದಿರೆ)

ಉತ್ತರ: ಮಗು ಬೇಕೆಂದಿದ್ದರೆ ಆ ತಿಂಗಳು ಬೇಡ. ಮುಟ್ಟು ಮುಂದೂಡುವ ನೋರೆಥಿಸ್ಟರಾನ್ ಮಾತ್ರೆ ಶುರು ಮಾಡುವುದು ಮುಟ್ಟಿಗೆ ಮೂರು ದಿನ ಮೊದಲು, ಆ ಹೊತ್ತಿಗೆ ಗರ್ಭ ನಿಂತಿರಲೂಬಹುದು. ಬೇರೆ ತಿಂಗಳಲ್ಲೂ ಮೆಡಿಕಲ್‌ನಿಂದ ನೇರವಾಗಿ ತಂದು ನುಂಗಬೇಡಿ. ಕಾಲಿನ ರಕ್ತನಾಳದಲ್ಲಿ ಹಿಂದೆಂದಾದರೂ ರಕ್ತ ಹೆಪ್ಪುಗಟ್ಟಿದ್ದರೆ ಈ ಮಾತ್ರೆ ಮುಟ್ಟಲೇಬಾರದು.