ಪದದೊಳಗೇ ಗದ್ದಲ

ಪ್ರಶ್ನೆ: ವಿಮಾನದಲ್ಲಿ ಕೂಗಾಡಿದ ಪ್ರಯಾಣಿಕನೊಬ್ಬನನ್ನು ಇಂಗ್ಲಿಷ್ ಪತ್ರಿಕೆಯೊಂದು 'ಅಬ್‌ಸ್ಟ್ರೆಪರಸ್' ಎಂದು ಕರೆದಿತ್ತು. ಕನ್ನಡದಲ್ಲಿ 'ಹಠಮಾರಿ' ಅಂದರೆ ಸಾಕೇ? ಗಂಟಲು ನೋವು ತರುವ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾಕ್ಕೂ ಈ ಪದಕ್ಕೂ ನಂಟಿದೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ಸಾಲದು. ಹಠಮಾರಿ ಬಾಯಿ ಬಿಗಿದುಕೊಂಡು ಮೂಲೆಯಲ್ಲಿ ಕೂತಿರಬಹುದು, ಆದರೆ ಅಬ್‌ಸ್ಟ್ರೆಪರಸ್ ಆದವನು ಸಾಮಾನ್ಯವಾಗಿ ಸುಮ್ಮನಿರುವುದಿಲ್ಲ. ಲ್ಯಾಟಿನ್‌ನಲ್ಲಿ 'ಸ್ಟ್ರೆಪೆರೆ' ಎಂದರೆ ಸದ್ದು ಮಾಡುವುದು, 'ಆಬ್' ಎಂದರೆ ಎದುರಿಗೆ. ಒಬ್ಬ ಭಾಷಣ ಮಾಡುತ್ತಿರುವಾಗ ಎದುರಿಗಿದ್ದವರು ಗದ್ದಲ ಎಬ್ಬಿಸಿ, ಅವನ ಮಾತೇ ಕೇಳಿಸದ ಹಾಗೆ ಮಾಡುತ್ತಾರಲ್ಲ, ಅದಕ್ಕೆ ರೋಮನ್ನರು 'ಆಬ್‌ಸ್ಟ್ರೆಪೆರೆ' ಎನ್ನುತ್ತಿದ್ದರು. ಈ 'ಆಬ್' ನಿಮಗೂ ಗೊತ್ತಿರುವುದೇ: ದಾರಿಗೆ ಅಡ್ಡ ನಿಂತದ್ದು ಅಬ್‌ಸ್ಟಕಲ್, ಎದುರಿಗೆ ಎಸೆದದ್ದು ಅಬ್ಜೆಕ್ಷನ್.

ಇಂಗ್ಲಿಷಿಗೆ ಈ ಪದ ಬಂದದ್ದು 1600ರ ಆಸುಪಾಸಿನಲ್ಲಿ. ಆಗ ಅರ್ಥ ಬರೀ 'ಗಲಾಟೆಯ' ಎಂದಿತ್ತು. ಗಲಾಟೆ ಮಾಡುವವರು ಹೇಳಿದ ಮಾತು ಕೇಳುವುದೂ ಕಡಿಮೆ ಅಲ್ವಾ? ಹಾಗಾಗಿ ನಿಧಾನಕ್ಕೆ 'ಹತೋಟಿಗೆ ಸಿಗದ' ಎಂಬ ಅರ್ಥವೂ ಕೂಡಿಕೊಂಡಿತು. ಉಚ್ಚರಿಸಲು ಕಷ್ಟ ಅಂತಲೋ ಏನೋ, ಇಂಗ್ಲೆಂಡಿನ ಜನ ಇದನ್ನು ಆಡುಮಾತಿನಲ್ಲಿ 'ಅಬ್‌ಸ್ಟ್ರಾಪೊಲಸ್' ಎಂದೂ ತಿರುಚಿದ್ದರು. ನನಗಂತೂ ಆ ರೂಪ ತುಂಬ ಇಷ್ಟ, ಸದ್ದು ಇನ್ನೂ ಜಾಸ್ತಿ ಇದೆ.

ಇದರ ಪಕ್ಕದಲ್ಲೇ ಇಟ್ಟು ನೋಡಬೇಕಾದ ಇನ್ನೊಂದು ಪದ 'ರಿಕ್ಯಾಲ್ಸಿಟ್ರಂಟ್'. ಲ್ಯಾಟಿನ್‌ನ 'ಕಾಲ್ಕ್ಸ್' ಎಂದರೆ ಹಿಮ್ಮಡಿ. ಕುದುರೆ ಹಿಂಗಾಲಲ್ಲಿ ಒದೆಯುವುದೇ ಈ ಪದದ ಮೂಲ. ಹಿಮ್ಮಡಿಯ ಮೂಳೆಯನ್ನು ಡಾಕ್ಟರುಗಳು ಕ್ಯಾಲ್ಕೇನಿಯಸ್ ಎನ್ನುವುದೂ ಅದರಿಂದಲೇ. ಒಬ್ಬರದು ಬಾಯಿಯ ಪ್ರತಿಭಟನೆ, ಇನ್ನೊಬ್ಬರದು ಕಾಲಿನದು. ಹೇಳಿದ್ದನ್ನು ಮಾಡದೆ ಮೊಂಡು ಹಿಡಿದವರಿಗೆ ಈ ಎರಡನೆಯದು ಸರಿಯಾಗಿ ಹೊಂದುತ್ತದೆ, ನಿಮ್ಮ 'ಹಠಮಾರಿ'ಯೂ ಇಲ್ಲಿ ಸಲ್ಲುತ್ತದೆ. ವಿಮಾನದ ಆ ಪ್ರಯಾಣಿಕನಿಗೆ ಮಾತ್ರ ನಾನಾದರೆ 'ರಂಪ ಮಾಡಿದವನು' ಎಂದೇ ಬರೆಯುತ್ತೇನೆ. ಕೂಗಾಟ, ಮಾತು ಕೇಳದಿರುವುದು ಎರಡೂ ಅದರಲ್ಲಿ ಬಂದುಬಿಡುತ್ತವೆ.

ಇನ್ನು ಸ್ಟ್ರೆಪ್ಟೊಕಾಕಸ್. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಗ್ರೀಕ್‌ನ 'ಸ್ಟ್ರೆಪ್ಟೋಸ್' ಪದದಿಂದ ಬಂದದ್ದು, ಅರ್ಥ 'ತಿರುಚಿದ'. ಆ ಬ್ಯಾಕ್ಟೀರಿಯಾ ಸರಪಳಿಯಂತೆ ಒಂದಕ್ಕೊಂದು ಅಂಟಿಕೊಂಡು ಬೆಳೆಯುವುದರಿಂದ ಆ ಹೆಸರು. ನಿಜವಾದ ನೆಂಟ ಬೇಕೆಂದರೆ ಪಾಶ್ಚಾತ್ಯ ಸಂಗೀತದ ಹಾಳೆಗಳಲ್ಲಿ ಸಿಗುವ 'ಸ್ಟ್ರೆಪಿಟೋಸೊ' ನೋಡಿ. ಜೋರಾಗಿ, ಅಬ್ಬರದಿಂದ ನುಡಿಸಿ ಎಂದು ವಾದಕರಿಗೆ ಕೊಡುವ ಸೂಚನೆ ಅದು.